ಜಯಮ್ಮನವರ ಮೇಲೆ ನಾನು ಹೊರಿಸಿದ ತಪ್ಪು

ಸಂಜೆ ನಾಲ್ಕೂ ಇಪ್ಪತ್ತಕ್ಕೆ ಜಯಮ್ಮನವರ ಫೋನ್ ಬಂತು. ಅಂದು ಅವರ ಗಂಡನ ಪ್ರಾಣಕ್ಕೆ ಕುತ್ತು ತಂದವಳು ನಾನು. ಆ ತಪ್ಪನ್ನು ಜಯಮ್ಮನವರ ತಲೆಗೆ ಕಟ್ಟಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಆಮೇಲೆ ಧೈರ್ಯ ಸಾಲದೆ ಹೋದೀತು.

ಗುಣವಾಗದ ಕಾಯಿಲೆಯವರ ನೋವು ಇಳಿಸುವ ವೈದ್ಯೆ ನಾನು. ಮನೆಮನೆಗೆ ಹೋಗುತ್ತೇನೆ; ರೋಗಿಗಳಲ್ಲಿ ಹೆಚ್ಚಿನವರು ನಿವೃತ್ತ ಸೈನಿಕರು. ಜಯಮ್ಮನವರ ಗಂಡ, ಕೋಣನಕುಂಟೆಯ ಸುಬೇದಾರ್ ಚೆನ್ನಪ್ಪನವರಿಗೆ ಶ್ವಾಸಕೋಶದ ಕ್ಯಾನ್ಸರ್. ಹಿಂದಿನ ದಿನವಷ್ಟೇ ಅವರ ಎಡಭುಜಕ್ಕೆ ನೋವಿನ ಪ್ಯಾಚ್ ಅಂಟಿಸಿದ್ದೆ — ಚರ್ಮದ ಮೂಲಕ ನಿಧಾನವಾಗಿ ಒಳಗಿಳಿಯುವ ಬಲವಾದ ಔಷಧ. ಶಾಖ ತಗುಲಿದರೆ ಅದು ಒಮ್ಮೆಲೇ ನುಗ್ಗಿ ಉಸಿರನ್ನೇ ನಿಲ್ಲಿಸಬಹುದು. ಇಷ್ಟನ್ನು ಮನೆಯವರಿಗೆ ಹೇಳಲೇಬೇಕು. ನಾನು ಹೇಳಲಿಲ್ಲ.

ಅದೂ — ನಾನು ಅಂಟಿಸುತ್ತಿರುವಾಗಲೇ ಅವರು ಗಡಿಯ ಹಿಮದ ಪೋಸ್ಟಿನ ಕತೆ ಹೇಳುತ್ತಿದ್ದರು! ಅಲ್ಲಿನ ಚಳಿ ಆ ಭುಜದಲ್ಲೇ ಉಳಿದುಬಿಟ್ಟಿದೆಯಂತೆ. ದಿನಾ ಮಧ್ಯಾಹ್ನ ಬಿಸಿನೀರಿನ ಬ್ಯಾಗ್ ಬೇಕಂತೆ. “ಅಲ್ಲಿ ಸೀಮೆಎಣ್ಣೆ ಸ್ಟೋವ್ ಇತ್ತು ಮೇಡಂ, ಇಲ್ಲಿ ಇವಳು,” ಎಂದು ಹೆಂಡತಿಯನ್ನು ತೋರಿಸಿದ್ದರು. ನಾನು ನಕ್ಕು, ವಸಂತಪುರದ ಮತ್ತೊಂದು ಮನೆಗೆ ತಡವಾಯಿತೆಂದು ಎದ್ದುಹೋದೆ.

ಮರುದಿನ ಸಂಜೆ ಫೋನಿನಲ್ಲಿ ಜಯಮ್ಮ: “ಎಷ್ಟು ಅಲ್ಲಾಡಿಸಿದ್ರೂ ಏಳ್ತಿಲ್ಲ ಮೇಡಂ, ಗೊರಕೆ ಒಂಥರಾ ಇದೆ, ಬೇಗ ಬನ್ನಿ!”

ಬನಶಂಕರಿಯ ಸಿಗ್ನಲ್ಲಿನಲ್ಲಿ ಕಾರು ಸಿಕ್ಕಿಕೊಂಡಿತು. ಆ ಕೆಂಪು ದೀಪ ಈಗಲೂ ನನ್ನ ಕಣ್ಣೊಳಗೆ ಉರಿಯುತ್ತಿದೆ. ಓಡಿ ಒಳಹೊಕ್ಕರೆ — ತುಟಿ ನೀಲಿ, ಕಣ್ಣಪಾಪೆ ಸಾಸಿವೆ ಕಾಳಿನಷ್ಟು. ಒಂದು ಉಸಿರು. ಆಮೇಲೆ ಇಲ್ಲ... ಇಲ್ಲ... ಮತ್ತೊಂದು. ಭುಜದ ಮೇಲೆ ಟವೆಲ್ ಸುತ್ತಿದ ಬ್ಯಾಗ್. ಅದನ್ನೆಸೆದು, ಪ್ಯಾಚ್ ಕಿತ್ತು, ಔಷಧದ ಪ್ರಭಾವ ಇಳಿಸುವ ಇಂಜೆಕ್ಷನ್ ಕೊಟ್ಟೆ. ಕಾದೆ. ಎದೆ ಏರಿತು! ಮತ್ತೆ ಏರಿತು!

ಅವರು ಕಣ್ಣು ತೆರೆದರು. “ಏನು, ಪಹರೆ ಮೇಲೇ ಮಲಗ್ಬಿಟ್ನಾ?”

“ಥೂ, ನಿಮ್ಮ! ಜೀವ ಬಾಯಿಗೆ ಬಂದಿತ್ತು ನಂಗೆ!” ಜಯಮ್ಮ ಅಳುತ್ತಲೇ ಗದರಿದರು.

ನೋವಿದೆಯೇ ಎಂದು ಕೇಳಿದೆ. “ಇದೆ ಮೇಡಂ. ಬದುಕಿದ್ದೀನಿ ಅಂತ ಅರ್ಥ.”

ನಾನು ಜೋರಾಗಿ ನಕ್ಕೆ. ಅಂಥ ಸಂತೋಷ ಹಿಂದೆಂದೂ ಕಂಡಿರಲಿಲ್ಲ — ಆ ಸಂತೋಷದ ನಡುವೆಯೇ ಜಯಮ್ಮ ಬ್ಯಾಗ್ ಎತ್ತಿಕೊಂಡು ಕೇಳಿದರು: “ಇದರಿಂದಾನಾ ಮೇಡಂ?”

“ಹೂಂ. ಪ್ಯಾಚ್ ಮೇಲೆ ನೀವು ಬಿಸಿ ಇಡಬಾರದಿತ್ತು.”

ನೀವು! ನಾನು ಹೇಳಿರಲಿಲ್ಲ ಎಂಬ ಒಂದು ಮಾತು — ನಾಲಿಗೆಯ ತುದಿಯಲ್ಲಿತ್ತು, ನುಂಗಿದೆ. ಅವರೂ ಕೇಳಲಿಲ್ಲ. ಡಾಕ್ಟರು ಹೇಳಿದ್ದು ತಮಗೇ ಕೇಳಿಸಿರಲಿಕ್ಕಿಲ್ಲ ಎಂದುಕೊಂಡರು.

ಚೆನ್ನಪ್ಪನವರು ಮತ್ತೆ ಕೆಲವು ವಾರ ಬದುಕಿದರು. ಜಯಮ್ಮ ರಾತ್ರಿಯೆಲ್ಲ ಕುರ್ಚಿಯಲ್ಲಿ ಕುಳಿತು ಅವರ ಎದೆಯನ್ನೇ ನೋಡುತ್ತಿದ್ದರು. ಪ್ಯಾಚ್ ನಿಲ್ಲಿಸಿ ಮಾತ್ರೆ ಕೊಟ್ಟಿದ್ದೆ. ಬ್ಯಾಗಿನಿಂದ ಇನ್ನು ಅಪಾಯವೇ ಇರಲಿಲ್ಲ. ಆದರೂ ನನ್ನೆದುರೇ ಚೆನ್ನಪ್ಪನವರು, “ಚಳಿ ಕಣೇ, ಬ್ಯಾಗ್ ಕೊಡೇ,” ಎಂದು ಬೇಡಿದಾಗ ಜಯಮ್ಮ, “ನನ್ನ ಕೈಲಾಗಲ್ಲ ಕಣ್ರೀ,” ಎಂದರು. ಕೊಡಬಹುದು ಎನ್ನಲು ಬಾಯಿ ತೆರೆದೆ — ಆ ದಿನದ ಮಾತು ಮತ್ತೆ ಎದ್ದರೆ? “ಇನ್ನೊಂದು ಕಂಬಳಿ ಹೊದಿಸಿ,” ಎಂದಷ್ಟೇ ಹೇಳಿದೆ. ಅವರು ಚಳಿಯಲ್ಲೇ ಹೋದರು.

ತಿಥಿ ಮುಗಿದ ಮೇಲೆ ಹೋಗಿ ಎಲ್ಲವನ್ನೂ ಹೇಳಿದೆ.

“ಹಾಗಾದ್ರೆ ಬ್ಯಾಗ್ ಕೊಡಬಹುದಿತ್ತು,” ಎಂದರು ಜಯಮ್ಮ. “ಅಷ್ಟು ಸಲ ಕೇಳಿದ್ರು.”



ಅದಾದ ಮೇಲಿನ ಶುಕ್ರವಾರ ಬೆಳಿಗ್ಗೆ ಅವರೇ ಫೋನ್ ಮಾಡಿದರು. “ರಾತ್ರಿ ಬ್ಯಾಗಿಗೆ ನೀರು ತುಂಬಿ ಹಾಸಿಗೇಲಿ ಅವರ ಜಾಗದಲ್ಲಿಟ್ಟು ಮಲಗಿದೆ. ಬೆಳಗಾಗೋವರೆಗೂ ಎಚ್ಚರಾನೇ ಆಗ್ಲಿಲ್ಲ.”

ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.