ಪೂಜೆ ನಿಂತ ಕಲ್ಲಿಗೆ ಎಡೆ

ಆಗಸ್ಟ್ ಹದಿನೈದರ ಬೆಳಿಗ್ಗೆ ಬೇರೆಯವರ ಮನೆಯಲ್ಲಿ ಧ್ವಜ, ಲಾಡು, ಟಿವಿ. ನಾವು ಹೋಳಿಗೆ ಮಾಡಿ, ಒಂದು ತುತ್ತೂ ಬಾಯಿಗೆ ಹಾಕದೆ, ಡಬ್ಬಿ ಕಟ್ಟಿಕೊಂಡು ಖಾನಾಪುರದಿಂದ ಬೆಳಗಾವಿಯ ಬಸ್ಸು ಹತ್ತುತ್ತೇವೆ. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ನಮ್ಮ ಹಿರಿಯ ಇದ್ದಾನೆ. ಅವನು ಉಣ್ಣದೆ ನಾವು ಉಣ್ಣುವಂತಿಲ್ಲ.

ಹಿರಿಯ ಎಂದರೆ ಎದೆಯೆತ್ತರದ ಒಂದು ವೀರಗಲ್ಲು. ನಮ್ಮ ಕುರಿ ಹಿಂಡನ್ನು ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಸತ್ತವನು ಎಂದು ಅವ್ವ ಹೇಳುತ್ತಾಳೆ. ಲೋಂಡಾ ಕಡೆಯ ರಸ್ತೆ ಅಗಲ ಮಾಡುವಾಗ ಆ ಕಲ್ಲು ನಮ್ಮ ಹೊಲದ ಬದುವಿನಿಂದ ಎದ್ದು ಲಾರಿ ಏರಿತು. ಅಳತೆಗೆ ಬಂದ ಸಾಹೇಬ ಸುತ್ತಲ ಹುಲ್ಲು ನೋಡಿ, ಇದಕ್ಕೆ ಪೂಜೆ ನಿಂತುಹೋಗಿದೆ ಎಂದು ತಾನೇ ತೀರ್ಮಾನಿಸಿದ. ವರ್ಷಕ್ಕೊಮ್ಮೆ ಎಡೆ ಇಡುವ ಕಲ್ಲಿನ ಸುತ್ತ ಹುಲ್ಲು ಬೆಳೆಯದೆ ಇನ್ನೇನು ಬೆಳೆಯಬೇಕಿತ್ತು? ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಅಂದಿನಿಂದ ಅವ್ವನದು ಒಂದೇ ಹಟ. ಒಂದು ವರ್ಷ ಎಡೆ ತಪ್ಪಿದರೂ ಆ ಸಾಹೇಬನ ಮಾತು ನಿಜವಾಗುತ್ತದೆ. ಮೊದಲು ಇಡುತ್ತಿದ್ದದ್ದು ಅಮಾವಾಸ್ಯೆಗೆ. ಆದರೆ ಅಣ್ಣನಿಗೂ ನನಗೂ ಮಚ್ಛೆಯ ಬೇರೆ ಬೇರೆ ಕಾರ್ಖಾನೆಗಳಲ್ಲಿ ಕೆಲಸ, ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದೇ ಅಪರೂಪ. ಹೀಗಾಗಿ ಹಿರಿಯನಿಗೂ ಸ್ವಾತಂತ್ರ್ಯ ದಿನವೇ ಗತಿಯಾಯಿತು.

ಹಳೆಯ ಕಾವಲುಗಾರ ನಮ್ಮನ್ನು ಕಂಡರೆ ಆ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಈ ವರ್ಷ ಹೊಸಬ ಬಂದಿದ್ದ. ಅವ್ವ ಕಲ್ಲಿನ ಮುಂದೆ ಬಾಳೆಲೆ ಹಾಸುತ್ತಿದ್ದಂತೆ ಓಡಿ ಬಂದ.

"ಒಳಗ ಊಟ ತರಂಗಿಲ್ರಿ. ಪೂಜಿನೂ ಮಾಡಂಗಿಲ್ರಿ."

"ಅವ್ವಾ, ಮಂದಿ ನೋಡಾಕತ್ತಾರ," ಎಂದ ಅಣ್ಣ. "ಕೈ ಮುಗದು ಹೋಗೂಣು ಬಾ." ಅವನ ಪುಟ್ಟ ಮಗಳು ಹಸಿವಿನಿಂದ ಮೋರೆ ಸಣ್ಣ ಮಾಡಿಕೊಂಡಿದ್ದಳು.

ಅವ್ವ ನನ್ನತ್ತ ತಿರುಗಿದಳು. "ಆ ಬೋರ್ಡ ಓದವಾ. ಜೋರಾಗಿ ಓದು."

ಓದಿದೆ. ವೀರಗಲ್ಲು. ವೀರನ ಹೆಸರು ತಿಳಿದಿಲ್ಲ. ಈಗ ಪೂಜೆಯಲ್ಲಿಲ್ಲ.

"ಬಾಗಲದಾಗ ಫೋಟೋಗಳಿಗೆ ಹಾರ ಯಾರು ಹಾಕ್ಯಾರ?" ಅವ್ವ ಕಾವಲುಗಾರನನ್ನು ಕೇಳಿದಳು.

"ನಾವ ರೀ. ಅವರು ದೇಶಕ್ಕ ಸತ್ತಾರ."

"ಇವ ನಮ್ಮ ಕುರಿಗೋಳಿಗೆ ಸತ್ತಾನ. ಅವರಿಗೆ ನೀವು ಮಾಡ್ರಿ, ಇವಗ ನಾವು ಮಾಡ್ತೀವಿ."

"ಫೋಟೋದ ಮುಂದ ಯಾರೂ ಹೋಳಿಗಿ ತುಪ್ಪ ಬಡಸಂಗಿಲ್ರಿ, ಅವ್ವಾರ."

ನನಗೇ ನಗು ಬಂತು. ಅವ್ವನಿಗೆ ಬರಲಿಲ್ಲ. ಎಲೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡಬ್ಬಿಯ ಮುಚ್ಚಳ ತೆಗೆದು, ಎರಡೂ ಅಂಗೈ ಮೇಲೆ ಹಿಡಿದು, ಕಲ್ಲಿನ ಎದುರು ನಿಂತಳು.

"ನೆಲಕ್ಕ ಇಟ್ಟಿಲ್ಲ. ಕಲ್ಲ ಮುಟ್ಟಿಲ್ಲ. ಈಗ ಏನ ಅಂತಿ, ಅನ್ನು."

ಎಡೆ ಇಟ್ಟರೆ ಹಿರಿಯ ಉಣ್ಣುವಷ್ಟು ಹೊತ್ತು ಸುಮ್ಮನಿರಬೇಕು. ಆ ಹೊತ್ತಿನಲ್ಲಿ ಅವ್ವ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಡಬ್ಬಿ ನಿಧಾನಕ್ಕೆ ಕೆಳಗಿಳಿಯತೊಡಗಿತು. ನಾನು ಹೋಗಿ ಅವಳ ಮೊಣಕೈ ಕೆಳಗೆ ನನ್ನ ಕೈ ಕೊಟ್ಟೆ. ಅಣ್ಣ ಗೊಣಗುತ್ತಲೇ ಇನ್ನೊಂದು ಪಕ್ಕಕ್ಕೆ ಬಂದು ನಿಂತ. ಕಾವಲುಗಾರ ಫೋನು ತೆಗೆದ, ಆದರೆ ಯಾರಿಗೂ ಹಚ್ಚಲಿಲ್ಲ.

ಕಾಗದದ ಧ್ವಜ ಹಿಡಿದ ಹೆಂಗಸೊಬ್ಬಳು, ಇದು ಯಾವ ದೇವರು ಎಂದು ಮರಾಠಿಯಲ್ಲಿ ಕೇಳಿದಳು.

"ದೇವ ನಾಹೀ. ಆಮಚಾ ಮಾಣೂಸ," ಎಂದಳು ಅವ್ವ, ಕಲ್ಲಿನಿಂದ ಕಣ್ಣು ತೆಗೆಯದೆ. ದೇವರಲ್ಲ, ನಮ್ಮ ಮನುಷ್ಯ.

ಆಕೆ ಚಪ್ಪಲಿ ಬಿಟ್ಟು ಕೈ ಮುಗಿದಳು. ಅವಳ ಹಿಂದಿದ್ದವರೂ ಬಿಟ್ಟರು. ಪೂಜೆಯಲ್ಲಿಲ್ಲ ಎಂಬ ಬೋರ್ಡಿನ ಎದುರು, ಆ ನುಣುಪು ನೆಲದ ಮೇಲೆ, ಮಳೆಗೆ ನೆನೆದ ಚಪ್ಪಲಿಗಳ ಸಾಲೇ ಆಯಿತು. ಬಂದು ಓದಲಿ ಈಗ ಆ ಸಾಹೇಬ! ಕಾವಲುಗಾರ ಚಪ್ಪಲಿಗಳನ್ನು ದಾಟಿಕೊಂಡು ತನ್ನ ಕುರ್ಚಿಗೆ ಹೋದ.

ಹೊರಗೆ ಜಿಟಿಜಿಟಿ ಮಳೆ. ಹತ್ತಿರದ ಕೋಟೆಯ ಬಾಗಿಲ ಕಮಾನಿನ ಕೆಳಗೆ ಕೂತು ಡಬ್ಬಿ ಬಿಚ್ಚಿದೆವು. ಅಣ್ಣನ ಮಗಳು ಬೆಳಿಗ್ಗೆಯಿಂದ ಕಾದಿದ್ದವಳು. ಹೋಳಿಗೆಗೆ ಕೈ ಚಾಚಿ, ತಡೆದು, ಅಜ್ಜಿಯ ಮುಖ ನೋಡಿದಳು.

"ಆಯಿ, ಅವ ಉಂಡ್ನೇನು?"

"ಉಂಡ. ಎಲ್ಲಾರ ಮುಂದ ಉಂಡ. ಇನ್ನ ನೀ ಉಣ್ಣು."