ಗ್ರೇಸಿ ಟೀಚರಿಗೆ ಕಾಣದ ನೇರಳೆ ಗೆರೆ

ಸೀತಾಂಗೋಳಿಯ ಹತ್ತಿರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗ್ರೇಸಿ ಟೀಚರ್ ಸುಳ್ಳನ್ನು ಎರಡು ವಿಧ ಮಾಡಿದ್ದಾರೆ. ತಡವಾಗಿ ಬಂದು ತಪ್ಪನ್ನು ಬಸ್ಸಿನ ಮೇಲೆ ಹಾಕುವ ಸುಳ್ಳಿಗೆ ಕ್ಷಮೆಯುಂಟು. ಕಾಣದ್ದನ್ನು ಕಂಡೆನೆಂದು ಪುಸ್ತಕ ನೋಡಿ ಬರೆಯುವ ಸುಳ್ಳಿಗೆ ಇಲ್ಲ.

ಅವರ ಮೆಚ್ಚಿನ ಪ್ರಯೋಗ ಹೈಡ್ರೋಜನ್ನಿನದು. ಕತ್ತಲೆ ಕೋಣೆಯಲ್ಲಿ ಸಪೂರ ಗಾಜಿನ ಕೊಳವೆಯೊಂದು ಗುಲಾಬಿಯಾಗಿ ಉರಿಯುತ್ತದೆ. ಸ್ಪೆಕ್ಟ್ರೋಮೀಟರಿನಲ್ಲಿ ಇಣುಕಿದರೆ ಆ ಬೆಳಕು ಬಿಡಿಬಿಡಿ ಬಣ್ಣದ ನಾಲ್ಕು ಗೆರೆಗಳಾಗಿ ನಿಂತಿರುತ್ತದೆ. ಪರಮಾಣುವಿನೊಳಗೆ ಎಲೆಕ್ಟ್ರಾನ್ ಶಕ್ತಿಯ ಮೇಲಿನ ಮೆಟ್ಟಿಲಿನಿಂದ ಎರಡನೆಯದಕ್ಕೆ ಬೀಳುವಾಗ ಕಳೆದುಕೊಳ್ಳುವ ಶಕ್ತಿಯೇ ಈ ಬೆಳಕು. ಗೆರೆಯ ಜಾಗ ಅಳೆದರೆ ಬಿದ್ದ ಎತ್ತರ ತಿಳಿಯುತ್ತದೆ. ಮೂರನೆಯದರಿಂದ ಬಿದ್ದರೆ ಕೆಂಪು, ಆರನೆಯದರಿಂದ ಬಿದ್ದರೆ ನೇರಳೆ. ಬಿದ್ದವನ ಕೂಗು ಕೇಳಿ ಮರದ ಎತ್ತರ ಹೇಳಿದ ಹಾಗೆ ಎನ್ನುತ್ತಾರೆ ಟೀಚರ್.

ಈ ವರ್ಷ ಅವರಿಗೆ ಮೂರೇ ಗೆರೆ ಕಂಡವು. ಕೊಳವೆ ಹಳತಾಯಿತೆಂದು ತೀರ್ಮಾನಿಸಿದರು. ಮೊದಲು ಪ್ರಯೋಗ ಮಾಡಿದ ಶ್ರೀರಂಜಿನಿ ನೇರಳೆಯನ್ನೂ ಸೇರಿಸಿ ನಾಲ್ಕು ಬರೆದು, ಆರನೇ ಮೆಟ್ಟಿಲಿನ ಲೆಕ್ಕವನ್ನೂ ಮಾಡಿದ್ದಳು. ಟೀಚರ್ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟರು.

"ನನಗೆ ಕಾಣ್ತದೆ ಟೀಚರ್."

"ನಿನಗೆ ಎಂತ, ಬೇರೆ ಕಣ್ಣು ಉಂಟಾ?"

ಮಾರ್ಕು ಹೋದದ್ದಕ್ಕಿಂತ ಸುಳ್ಳುಗಾತಿ ಎನಿಸಿಕೊಂಡದ್ದು ಅವಳನ್ನು ಚುಚ್ಚಿತು. ಬರೆದದ್ದನ್ನು ಮಾತ್ರ ಅವಳು ತಿದ್ದಲಿಲ್ಲ. ಉಳಿದವರು ಇದನ್ನೆಲ್ಲ ನೋಡಿ, ಮೂರೇ ಗೆರೆ ಬರೆದು, ಪೂರ್ತಿ ಮಾರ್ಕು ಪಡೆದು ಕ್ಯಾಂಟೀನಿಗೆ ಹೋದರು.

ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಪಾದ್ರಿಗಳು ನೇರಳೆ ನಿಲುವಂಗಿ ತೊಡುವುದು ರೂಢಿ. ಆ ಭಾನುವಾರ ಇಗರ್ಜಿಯಲ್ಲಿ ಟೀಚರ್ ಗಂಡ ಪಿಯುಸರ ಕಿವಿಯಲ್ಲಿ, ಫಾದರ್ ಈ ಸಲ ಯಾಕೆ ಕಾಫಿಪುಡಿಯ ಬಣ್ಣದ್ದು ಹಾಕಿದ್ದಾರೆಂದು ಕೇಳಿದರು. ಪಿಯುಸ್ ಪಾದ್ರಿಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಮರುದಿನವೇ ಅವರನ್ನು ಮಂಗಳೂರಿನ ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದರು. ಪೊರೆ ಬಂದು ಹಳದಿಯಾದ ಕಣ್ಣಿನ ಮಸೂರ ನೇರಳೆಯನ್ನೆಲ್ಲ ಒಳಗೇ ನುಂಗುತ್ತಿತ್ತು.

ಶಸ್ತ್ರಚಿಕಿತ್ಸೆ ಮುಗಿಸಿ ಬಂದ ಟೀಚರ್ ನೇರ ಕತ್ತಲೆ ಕೋಣೆಗೆ ನಡೆದು, ಅದೇ ಹಳೆಯ ಕೊಳವೆ ಉರಿಸಿದರು. ಗೆರೆಗಳನ್ನು ಎರಡೆರಡು ಸಲ ಎಣಿಸಿದರು. ಆಮೇಲೆ ಶ್ರೀರಂಜಿನಿಯನ್ನು ಕರೆಸಿದರು.

"ಉಂಟು ಮಾರಾಯ್ತಿ, ನಿನ್ನ ಆರನೇ ಮೆಟ್ಟಿಲು. ನಾನೇ ಕಾಣದೆ ನಿನ್ನನ್ನು ಬೈದೆ."

ಅವಳಿಗೆ ಪೂರ್ತಿ ಮಾರ್ಕು ಸಿಕ್ಕಿತು. ಮೂರು ಬರೆದವರನ್ನು, ನಿಮಗೆ ಕಂಡದ್ದು ಎಷ್ಟು ಎಂದು ಟೀಚರ್ ಕೇಳಿದರು. ನಾಲ್ಕು ಎಂದು ಒಬ್ಬೊಬ್ಬರೇ ಒಪ್ಪಿಕೊಂಡರು. ಅವರೆಲ್ಲ ಪ್ರಯೋಗ ಮತ್ತೆ ಮಾಡಬೇಕೆಂದಾಯಿತು.

ಆದರೆ ಟೀಚರ್ ಸ್ಟೂಲಿನಿಂದ ಏಳಲೇ ಇಲ್ಲ. ಬಾಗಿಲಾಚೆ ಸಾಲು ಉದ್ದವಾಯಿತು. ನಮಗೂ ನೋಡಲಿಕ್ಕೆ ಬಿಡಿ ಎಂದು ಯಾರೋ ಗೊಣಗಿದರು.

"ಸ್ವಲ್ಪ ಕಾಯಿರಿ," ಎಂದರು ಟೀಚರ್, ಕಣ್ಣು ತೆಗೆಯದೆ. "ನೀವು ಇಷ್ಟು ದಿನ ನೋಡಿದ್ದೀರಲ್ಲ."