ಸರ್ವರಿಯ ಬಳೆ, ಸರ್ವರಿಯ ಒಗಟು

ಹುಮನಾಬಾದಿನ ಬಳೆಗಾರ್ತಿ ಸರ್ವರಿಯಂಥವಳನ್ನ ಈಗ ಎಲ್ಲಿಂದ ತರೋದು? ಆಕೆ ಕಲ್ಯಾಣದ ಓಣಿಗೆ ಬಂದಳೆಂದರೆ ಹೆಣ್ಣುಮಕ್ಕಳಿಗೆ ಬಿಗಿ ಬಳೆಗಿಂತ ಆಕೆಯ ಒಗಟಿನದೇ ಅಂಜಿಕೆ ಹೆಚ್ಚು. ಬಳೆ ಗೆಣ್ಣಿನ ಮೇಲೆ ಸಿಕ್ಕಿಕೊಂಡಾಗಲೇ ಕೇಳುತ್ತಿದ್ದಳು, "ನಾ ಈಗ ಹೇಳಾಕತ್ತಿದ್ದು ಸುಳ್ಳ. ಹಂಗಾರ ನಾ ಖರೇ ಹೇಳೀನೋ, ಸುಳ್ಳ ಹೇಳೀನೋ?" ಖರೇ ಅಂದರೆ ಸುಳ್ಳಾಗುತ್ತಿತ್ತು, ಸುಳ್ಳು ಅಂದರೆ ಖರೇ ಆಗುತ್ತಿತ್ತು, ಆ ಗೊಂದಲದಲ್ಲಿ ಕೈ ಸಡಿಲಾಗಿ ಬಳೆ ಮುಂಗೈಗೆ ಇಳಿದಿರುತ್ತಿತ್ತು. "ಯಾಕ ಅಂತ ಕೇಳದ ಹೂಂ ಅನಬ್ಯಾಡ್ರೇ, ಕತ್ತೆನೂ ತಲಿ ಅಲ್ಲಾಡಸ್ತದ" ಎಂದು ಬೈಯುತ್ತಿದ್ದಳು. ಮದುಮಗಳೊಬ್ಬಳು ಆಕೆಯ ಜೊತೆ ವಾದಕ್ಕೆ ಕೂತು ಮುಹೂರ್ತವನ್ನೇ ಮರೆತಿದ್ದಳಂತೆ. ರಜಾಕಾರರ ಹಾವಳಿಯ ವರ್ಷವೂ ಮುಸಲ್ಮಾನರ ಸರ್ವರಿ ಎಂದಿನಂತೆ ಓಣಿಯ ಕಮಳಾಬಾಯಿಯ ಮನೆಗೆ ಬಂದಳು. ಕಮಳಾಬಾಯಿಯ ಮೈದುನ ಜ್ಞಾನೇಶ್ವರ ಬಾಗಿಲಿಗೆ ಅಡ್ಡ ನಿಂತ. "ನಿಮ್ಮ ಮಂದಿ ಎಲ್ಲಾರೂ ನಮ್ಮ ವೈರಿಗಳು. ನೀ ಅವರಾಕಿ. ಹಂಗಾರ ನೀನೂ ವೈರಿ. ನಡಿ." ಊರಿನ ಬಾಯನ್ನೇ ಮುಚ್ಚಿಸುತ್ತಿದ್ದವಳು ಬುಟ್ಟಿ ಎತ್ತಿಕೊಂಡು ಹಿಂದೆ ಸರಿದಳು. ಅಷ್ಟರಲ್ಲಿ ಒಳಗಿಂದ ಕಮಳಾಬಾಯಿ ಬಂದಳು. "ಲಗ್ನದಾಗಿಂದ ನನ್ನ ಕೈ ಹಿಡದಾಕಿ ಇಕಿ. ವೈರಿ ಅಲ್ಲ, ಅದು ನಂಗ ಖಾತ್ರಿ ಅದ. ಹಂಗಾರ ಎಲ್ಲಾರೂ ಅಂದಿಯಲ್ಲ ಜ್ಞಾನೂ, ನಿನ್ನ ಆ ಮಾತೇ ಸುಳ್ಳ. ಬಾಗಲಾ ಬಿಡು."